ಹೊಟ್ಟೆಯಲ್ಲಿರುವ ಮಗುವಿಗೂ ಚಿಕಿತ್ಸೆ ಸಾಧ್ಯವೇ? ಸ್ಕ್ಯಾನಿಂಗ್‌ನಲ್ಲಿ ‘ತೊಂದರೆ’ ಎಂದಾಗ ಮನೆಯವರು ತಿಳಿದಿರಬೇಕಾದದ್ದು

ಆ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ತಾಯಿಯ ಗರ್ಭಕೋಶದ ಸಣ್ಣ ತೂತಿನಿಂದ ಒಂದು ಪುಟಾಣಿ ಕೈ ಹೊರಬಂದು ವೈದ್ಯರ ಬೆರಳು ಹಿಡಿದುಕೊಂಡಂತಿದೆ. ಕೆಳಗೆ, ಇದು ದೇವರ ಪವಾಡ, ಮಗು ವೈದ್ಯರಿಗೆ ಧನ್ಯವಾದ ಹೇಳುತ್ತಿದೆ, ಹತ್ತು ಜನಕ್ಕೆ ಕಳಿಸಿ ಎಂಬರ್ಥದ ಸಾಲುಗಳು.

ಫೋಟೊ ಸುಳ್ಳಲ್ಲ. 1999ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಸುಮಾರು 21 ವಾರದ ಭ್ರೂಣಕ್ಕೆ ಬೆನ್ನುಹುರಿಯ ಶಸ್ತ್ರಚಿಕಿತ್ಸೆ ನಡೆದಾಗ ಛಾಯಾಗ್ರಾಹಕ ಮೈಕೆಲ್ ಕ್ಲಾನ್ಸಿ ತೆಗೆದದ್ದು. ಮಗು ತಾನಾಗಿಯೇ ಕೈ ಚಾಚಿತು ಎಂದು ಕ್ಲಾನ್ಸಿ ಹೇಳಿದರು. ಶಸ್ತ್ರಚಿಕಿತ್ಸೆ ಮಾಡಿದ ಡಾ. ಜೋಸೆಫ್ ಬ್ರೂನರ್ ಹೇಳಿದ್ದು ಬೇರೆ: ತಾಯಿ, ಮಗು ಇಬ್ಬರೂ ಅರಿವಳಿಕೆಯಲ್ಲಿದ್ದರು, ಕೈಯನ್ನು ತಾವೇ ಹಿಡಿದೆತ್ತಿದ್ದು. ಆ ಮಗು ಅದೇ ವರ್ಷ ಡಿಸೆಂಬರಿನಲ್ಲಿ ಹುಟ್ಟಿತು.

2023ರ ಮಾರ್ಚಿನಲ್ಲಿ ಇನ್ನೊಂದು ಸುದ್ದಿ ಹರಿದಾಡಿತು. ದೆಹಲಿಯ ಏಮ್ಸ್ ವೈದ್ಯರು ಗರ್ಭದೊಳಗಿನ ಮಗುವಿನ ದ್ರಾಕ್ಷಿ ಗಾತ್ರದ ಹೃದಯಕ್ಕೆ ಸೂಜಿಯ ಮೂಲಕ ಬಲೂನ್ ಕಳಿಸಿ, ಮುಚ್ಚಿಕೊಂಡಿದ್ದ ಕವಾಟವನ್ನು ಸುಮಾರು 90 ಸೆಕೆಂಡಿನಲ್ಲಿ ಬಿಡಿಸಿದರು ಎಂಬುದು. ಅದೂ ನಿಜ.

ಇಂಥ ಫಾರ್ವರ್ಡ್‌ಗಳು ಒಂದು ಕಡೆ. ‘ಗ್ರಹಣ ನೋಡಿದ್ದಕ್ಕೇ ಮಗು ಹೀಗಾಯಿತು’, ‘ಸ್ಕ್ಯಾನಿಂಗ್ ಮಾಡಿಸಿದ್ದಕ್ಕೇ ಹೀಗಾಯಿತು’ ಎನ್ನುವವು ಇನ್ನೊಂದು ಕಡೆ. ಒಂದು ಪವಾಡದ ಆಸೆ ಹುಟ್ಟಿಸುತ್ತದೆ, ಇನ್ನೊಂದು ತಾಯಿಯ ತಲೆಗೆ ತಪ್ಪು ಹೊರಿಸುತ್ತದೆ. ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ, ಕೈಯಲ್ಲಿ ರಿಪೋರ್ಟ್ ಹಿಡಿದು ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಗಂಡ–ಹೆಂಡತಿಗೆ ಎರಡರಿಂದಲೂ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಮೂರು ಪ್ರಶ್ನೆಗಳಿಗೆ ಉತ್ತರ: ಇದಕ್ಕೆ ಏನಾದರೂ ಮಾಡಬಹುದೇ? ಎಲ್ಲಿಗೆ ಹೋಗಬೇಕು? ಎಷ್ಟು ಸಮಯ ಇದೆ?

ಮೊದಲಿಗೆ: ‘ತೊಂದರೆ’ ಎಂದರೆ ಎಲ್ಲವೂ ಒಂದೇ ಅಲ್ಲ

ಹುಟ್ಟುವ ಪ್ರತಿ 100 ಮಕ್ಕಳಲ್ಲಿ ಸುಮಾರು 2–3 ಮಕ್ಕಳಿಗೆ ಹುಟ್ಟಿನಿಂದಲೇ ಯಾವುದಾದರೂ ದೈಹಿಕ ನ್ಯೂನತೆ ಇರುತ್ತದೆ. ಪ್ರತಿ 1,000 ಮಕ್ಕಳಲ್ಲಿ ಸುಮಾರು 8–9 ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ಹಾಗಾಗಿ ಇದು ಅಪರೂಪದ ಶಾಪವಲ್ಲ. ನಿಮ್ಮ ಬೀದಿಯಲ್ಲೇ ಇಂಥ ಒಂದು ಮನೆ ಇರಬಹುದು. ಹೊರಗೆ ಹೇಳಿಕೊಂಡಿಲ್ಲ, ಅಷ್ಟೆ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಕಾಣುವುದನ್ನು ನಾಲ್ಕು ಗುಂಪು ಮಾಡಬಹುದು.

ಒಂದನೆಯದು, ಬರೀ ಗುರುತುಗಳು. ಹೃದಯದಲ್ಲೊಂದು ಬಿಳಿ ಚುಕ್ಕೆ, ಮೆದುಳಿನಲ್ಲಿ ಸಣ್ಣ ನೀರಿನ ಗುಳ್ಳೆ, ಕಿಡ್ನಿಯಲ್ಲಿ ಸ್ವಲ್ಪ ಊತ. ಬೇರೆ ಯಾವ ತೊಂದರೆಯೂ ಜೊತೆಗಿಲ್ಲದಿದ್ದರೆ ಇವುಗಳಲ್ಲಿ ಹೆಚ್ಚಿನವು ಮಗುವಿಗೆ ಹಾನಿ ಮಾಡುವುದಿಲ್ಲ. ಎಷ್ಟೋ ಸಲ ತಾವಾಗಿಯೇ ಸರಿಹೋಗುತ್ತವೆ. ಮತ್ತೊಂದು ಸ್ಕ್ಯಾನಿಂಗ್ ಬೇಕಾಗಬಹುದು.

ಎರಡನೆಯದು, ಹುಟ್ಟಿದ ಮೇಲೆ ಸರಿಪಡಿಸುವಂಥವು. ಸೀಳುತುಟಿ, ಒಳಕ್ಕೆ ತಿರುಗಿದ ಪಾದ, ಹಲವು ಬಗೆಯ ಹೃದಯದ ತೂತುಗಳು ಈ ಗುಂಪಿಗೆ ಸೇರುತ್ತವೆ. ತಿರುಗಿದ ಪಾದವನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಪಟ್ಟಿ ಹಾಕುತ್ತಾ ನೇರ ಮಾಡುತ್ತಾರೆ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಆಗುತ್ತದೆ.

ಮೂರನೆಯದು, ಗರ್ಭದಲ್ಲಿರುವಾಗಲೇ ಚಿಕಿತ್ಸೆ ಬೇಕಾದವು. ನಾಲ್ಕನೆಯದು, ಇವತ್ತಿನ ವೈದ್ಯಕೀಯಕ್ಕೆ ಹೆಚ್ಚೇನೂ ಮಾಡಲಾಗದ ಗಂಭೀರ ಸ್ಥಿತಿಗಳು.

ನಿಮ್ಮ ಮಗು ಯಾವ ಗುಂಪಿನಲ್ಲಿದೆ ಎನ್ನುವುದೇ ಮೊದಲು ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ಭ್ರೂಣ ವೈದ್ಯಶಾಸ್ತ್ರ ತಜ್ಞರು, ಅಂದರೆ ಫೀಟಲ್ ಮೆಡಿಸಿನ್ ವೈದ್ಯರು. ಗೂಗಲ್ ಅಲ್ಲ, ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ಸಿಕ್ಕವರೂ ಅಲ್ಲ.

ಗರ್ಭದೊಳಗೆ ನಿಜವಾಗಿ ಯಾವ ಚಿಕಿತ್ಸೆಗಳಿವೆ?

ಹೆಚ್ಚಿನವರು ಊಹಿಸುವಂತೆ ಎಲ್ಲದಕ್ಕೂ ಹೊಟ್ಟೆ ಕೊಯ್ಯಬೇಕಿಲ್ಲ. ಎಷ್ಟೋ ಸಲ ಔಷಧಿ ಹೋಗುವುದು ತಾಯಿಯ ಮೂಲಕವೇ. ಮಗುವಿನ ಹೃದಯ ವಿಪರೀತ ವೇಗವಾಗಿ ಬಡಿಯುತ್ತಿದ್ದರೆ ತಾಯಿಗೆ ಮಾತ್ರೆ ಕೊಡುತ್ತಾರೆ. ಅದು ಮಾಸುಚೀಲ ದಾಟಿ ಮಗುವನ್ನು ತಲುಪುತ್ತದೆ. ಅವಧಿಗೆ ಮೊದಲೇ ಹೆರಿಗೆ ಆಗುವ ಸೂಚನೆ ಇದ್ದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದೂ ಮಗುವಿನ ಚಿಕಿತ್ಸೆಯೇ. ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಎಂದು ಅದನ್ನು ಕೊಡುತ್ತಾರೆ. ‘ಸ್ಟೀರಾಯ್ಡ್ ಅಂತೆ, ಬೇಡ’ ಎಂದು ಹೆದರಿ ನಿರಾಕರಿಸುವವರಿದ್ದಾರೆ. ವೈದ್ಯರು ಸರಿಯಾದ ಸಮಯದಲ್ಲಿ ಕೊಡುವ ಈ ಇಂಜೆಕ್ಷನ್ ಅದೆಷ್ಟೋ ಎಳೆಗೂಸುಗಳ ಜೀವ ಉಳಿಸಿದೆ.

ಒಂದೇ ಮಾಸುಚೀಲ ಹಂಚಿಕೊಂಡ ಅವಳಿಗಳಲ್ಲಿ, ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುವ ಸ್ಥಿತಿ ಶೇ 10–15ರಷ್ಟು ಕಂಡುಬರುತ್ತದೆ. ಸುಮ್ಮನಿದ್ದರೆ ಎರಡೂ ಮಕ್ಕಳಿಗೆ ಅಪಾಯ. ಸಣ್ಣ ಕೊಳವೆಯ ಮೂಲಕ ಲೇಸರ್ ಹಾಯಿಸಿ, ಇಬ್ಬರ ನಡುವೆ ಕೂಡಿಕೊಂಡ ರಕ್ತನಾಳಗಳನ್ನು ಮುಚ್ಚುತ್ತಾರೆ. ಅವಳಿ ಎಂದು ಗೊತ್ತಾದ ಕೂಡಲೇ ‘ಮಾಸುಚೀಲ ಒಂದೋ ಎರಡೋ’ ಎಂದು ಕೇಳಬೇಕಾದದ್ದು ಇದಕ್ಕೇ.

ಬೆನ್ನುಹುರಿ ತೆರೆದುಕೊಂಡಿರುವ ಮಕ್ಕಳಿಗೆ ಗರ್ಭದಲ್ಲೇ ಶಸ್ತ್ರಚಿಕಿತ್ಸೆ ಮಾಡಿದರೆ ಲಾಭವೇನು ಎಂದು ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ತಲೆಯಲ್ಲಿ ತುಂಬುವ ನೀರನ್ನು ಇಳಿಸಲು ಹುಟ್ಟಿದ ಮೇಲೆ ಕೊಳವೆ ಹಾಕಬೇಕಾದ ಮಕ್ಕಳು ಶೇ 82ರಿಂದ ಶೇ 40ಕ್ಕೆ ಇಳಿದರು. ಎರಡೂವರೆ ವರ್ಷದ ಹೊತ್ತಿಗೆ ಆಸರೆಯಿಲ್ಲದೆ ನಡೆದವರು ಶೇ 21ರಿಂದ ಶೇ 42ಕ್ಕೆ ಏರಿದರು. ಫಾರ್ವರ್ಡ್‌ಗಳು ಹೇಳದ ಮಾತು ಇನ್ನೂ ಇದೆ: ಗರ್ಭದಲ್ಲಿ ಚಿಕಿತ್ಸೆ ಪಡೆದ ಗುಂಪಿನಲ್ಲಿ ಅವಧಿಗೆ ಮುನ್ನ ಹೆರಿಗೆ ಬಹಳ ಹೆಚ್ಚಿತ್ತು, ತಾಯಿಯ ಗರ್ಭಕೋಶದ ಗಾಯ ಮುಂದಿನ ಬಸಿರಿಗೂ ಅಪಾಯವಾಗಬಲ್ಲದು. ಲಾಭ ಅರ್ಧ ಮಕ್ಕಳಿಗೂ ಪೂರ್ತಿ ಸಿಗಲಿಲ್ಲ. ಇದು ಪವಾಡವಲ್ಲ, ಲೆಕ್ಕ ಹಾಕಿ ತೆಗೆದುಕೊಳ್ಳಬೇಕಾದ ನಿರ್ಧಾರ.

ನೆಗೆಟಿವ್ ರಕ್ತದ ಕಥೆ: ತಡೆಯಬಹುದಾದದ್ದು

‘ಗಂಡ–ಹೆಂಡತಿ ಇಬ್ಬರದೂ ಒಂದೇ ಬ್ಲಡ್ ಗ್ರೂಪ್ ಆದರೆ ಮಗುವಿಗೆ ತೊಂದರೆ’ ಎಂಬ ಫಾರ್ವರ್ಡ್ ಮದುವೆ ಸೀಸನ್ನಿನಲ್ಲಿ ಸುತ್ತುತ್ತಲೇ ಇರುತ್ತದೆ. ಇದು ಸುಳ್ಳು. ಇಬ್ಬರದೂ ಬಿ ಪಾಸಿಟಿವ್ ಆದರೆ ಏನೂ ಆಗುವುದಿಲ್ಲ.

ಗಮನಿಸಬೇಕಾದದ್ದು ತಾಯಿ ನೆಗೆಟಿವ್ ಆಗಿದ್ದು, ತಂದೆ ಪಾಸಿಟಿವ್ ಆಗಿದ್ದಾಗ. ನಮ್ಮ ದೇಶದಲ್ಲಿ ನೂರರಲ್ಲಿ ಸುಮಾರು ಐವರು ನೆಗೆಟಿವ್. ಇಂಥ ತಾಯಿಯ ಮಗು ಪಾಸಿಟಿವ್ ಆಗಿದ್ದರೆ, ಹೆರಿಗೆಯ ಹೊತ್ತಿಗೆ ಮಗುವಿನ ರಕ್ತದ ಹನಿಗಳು ತಾಯಿಯ ರಕ್ತಕ್ಕೆ ಸೇರಬಹುದು. ತಾಯಿಯ ದೇಹ ಅದನ್ನು ಹೊರಗಿನವನೆಂದು ಎಣಿಸಿ ಪ್ರತಿಕಾಯ ತಯಾರಿಸುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುಂದಿನ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಈ ಪ್ರತಿಕಾಯಗಳು ಒಡೆಯುತ್ತವೆ. ಗರ್ಭದಲ್ಲೇ ಮಗುವಿಗೆ ರಕ್ತಹೀನತೆ, ಮೈಯೆಲ್ಲ ನೀರು, ಕೊನೆಗೆ ಸಾವು. ‘ಆ ಮನೆಯಲ್ಲಿ ಮೊದಲನೆಯದೊಂದೇ ಉಳಿಯಿತು, ಆಮೇಲಿನವು ನಿಲ್ಲಲಿಲ್ಲ’ ಎಂದು ಹಳಬರು ಹೇಳುವ ಕಥೆಗಳಲ್ಲಿ ಕೆಲವಕ್ಕಾದರೂ ಇದೇ ಕಾರಣವಿದ್ದಿರಬಹುದು. ದೋಷ ಹೊತ್ತವಳು ಮಾತ್ರ ಸೊಸೆ.

1963ರಲ್ಲಿ ನ್ಯೂಜಿಲೆಂಡಿನ ವೈದ್ಯ ವಿಲಿಯಂ ಲೈಲಿ ಇಂಥ ಮಗುವಿಗೆ ತಾಯಿಯ ಹೊಟ್ಟೆಯ ಮೂಲಕ ಸೂಜಿ ಹಾಯಿಸಿ ರಕ್ತ ಕೊಟ್ಟು ಉಳಿಸಿದರು. ಮಗು ಇನ್ನೂ ಗರ್ಭದಲ್ಲಿರುವಾಗಲೇ ಅದನ್ನು ರೋಗಿಯೆಂದು ಕಂಡ ವೈದ್ಯಶಾಸ್ತ್ರ ಶುರುವಾದದ್ದು ಅಲ್ಲಿಂದಲೇ ಎನ್ನಬಹುದು. ಈಗ ಸ್ಕ್ಯಾನಿಂಗ್ ನೋಡುತ್ತಲೇ ಹೊಕ್ಕುಳಬಳ್ಳಿಯ ನಾಳಕ್ಕೆ ನೇರವಾಗಿ ರಕ್ತ ಕೊಡುತ್ತಾರೆ. ಬೆಂಗಳೂರಿನಲ್ಲೂ, ವೆಲ್ಲೂರಿನಲ್ಲೂ ಇದು ಲಭ್ಯ. ಕೆಲವು ವಾರಕ್ಕೊಮ್ಮೆ ಮತ್ತೆ ಕೊಡಬೇಕಾಗಬಹುದು.

ಅದಕ್ಕಿಂತ ಒಳ್ಳೆಯದು ಆ ಹಂತಕ್ಕೇ ಹೋಗದಿರುವುದು. 1968ರಿಂದ ಬಳಕೆಯಲ್ಲಿರುವ ಆಂಟಿ–ಡಿ ಇಂಜೆಕ್ಷನ್ ಅನ್ನು ಏಳನೇ ತಿಂಗಳಲ್ಲಿ (28 ವಾರಕ್ಕೆ) ಒಮ್ಮೆ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಕೊಡುತ್ತಾರೆ. ಗರ್ಭಪಾತವಾದರೂ ಇದರ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಹಲವರು ತಪ್ಪುವುದು ಇಲ್ಲೇ. ‘ನಿಲ್ಲಲಿಲ್ಲ, ಹೋಯಿತು’ ಎಂದು ಮನೆಯಲ್ಲೇ ಸುಮ್ಮನಾಗಿಬಿಡುತ್ತಾರೆ. ಒಮ್ಮೆ ಪ್ರತಿಕಾಯ ಹುಟ್ಟಿಕೊಂಡ ಮೇಲೆ ಈ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ತಾಯಿ ಕಾರ್ಡ್ ತೆಗೆದು ರಕ್ತದ ಗುಂಪಿನ ಜಾಗ ನೋಡಿ. ಅದು ಖಾಲಿ ಇದ್ದರೆ ಇವತ್ತೇ ಕೇಳಿ.

ತಾಯಿಯ ತಲೆಗೆ ಕಟ್ಟುವ ಸುಳ್ಳುಗಳು

‘ಗ್ರಹಣದಲ್ಲಿ ಚಾಕು ಹಿಡಿದಿದ್ದಕ್ಕೆ ಸೀಳುತುಟಿ.’ ಮಗುವಿನ ತುಟಿ ಕೂಡಿಕೊಳ್ಳುವುದು ಬಸಿರಿನ 4ರಿಂದ 7ನೇ ವಾರದೊಳಗೆ, ಅಂಗಳು 9–10ನೇ ವಾರದ ಸುಮಾರಿಗೆ. ಎಷ್ಟೋ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ತಾನು ಬಸುರಿ ಎಂಬುದೇ ಖಾತ್ರಿಯಾಗಿರುವುದಿಲ್ಲ. ಆರನೇ ತಿಂಗಳ ಗ್ರಹಣ, ಆಗಲೇ ಕೂಡಿಕೊಂಡ ತುಟಿಯನ್ನು ಸೀಳಲಾರದು.

‘ಪದೇ ಪದೇ ಸ್ಕ್ಯಾನಿಂಗ್ ಮಾಡಿಸಿದರೆ ರೇಡಿಯೇಶನ್.’ ಹೊಟ್ಟೆಯ ಸ್ಕ್ಯಾನಿಂಗ್ ಶಬ್ದದ ಅಲೆಗಳಿಂದ ನಡೆಯುತ್ತದೆ. ಎಕ್ಸ್‌–ರೇ ಅಲ್ಲ, ಅದರಲ್ಲಿ ವಿಕಿರಣವಿಲ್ಲ.

‘ಸಂಬಂಧದಲ್ಲಿ ಮದುವೆಯಾಗಿದ್ದಕ್ಕೇ ಆಯಿತು.’ ಇದರಲ್ಲಿ ಅರ್ಧ ಸತ್ಯವಿದೆ, ಆದ್ದರಿಂದ ಜಾಗ್ರತೆಯಿಂದ ಹೇಳಬೇಕು. ಸೋದರಮಾವ, ಅತ್ತೆ ಮಗ ಎಂದು ಸಂಬಂಧದೊಳಗೇ ಕೊಡುವುದು ನಮ್ಮ ಭಾಗದಲ್ಲಿ ಕನ್ನಡ, ತೆಲುಗು, ತಮಿಳು ಮನೆಗಳಲ್ಲೆಲ್ಲ ಇದೆ. ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಇದರಿಂದ ಹೆಚ್ಚುತ್ತದೆ. ಹಾಗಿದ್ದರೂ ಇಂಥ ಜೋಡಿಗಳ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸಂಬಂಧದ ಹೊರಗೆ ಮದುವೆಯಾದವರಿಗೂ ತೊಂದರೆ ಬರುತ್ತದೆ. ಮದುವೆ ನಿಶ್ಚಯಿಸಿದ ಹಿರಿಯರೇ ಈಗ ಸೊಸೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಅರ್ಥವಿರುವುದು ವೈದ್ಯರಿಗೆ ಈ ವಿಷಯ ಮುಚ್ಚಿಡದೆ ಹೇಳುವುದರಲ್ಲಿ, ಆನುವಂಶಿಕ ಸಲಹೆ ಪಡೆಯುವುದರಲ್ಲಿ.

ಫೋಲಿಕ್ ಆಸಿಡ್ ಮಾತ್ರೆಯ ಬಗೆಗಿನ ಮಾತು ಮಾತ್ರ ನಿಜ. ಬಸಿರಾಗುವ ಮೊದಲೇ ಶುರುಮಾಡಿ ಮೊದಲ ಮೂರು ತಿಂಗಳು ತೆಗೆದುಕೊಂಡರೆ ಬೆನ್ನುಹುರಿಯ ತೊಂದರೆಗಳು ಬಹಳ ಕಡಿಮೆಯಾಗುತ್ತವೆ. ಹಿಂದೆ ಅಂಥ ಮಗು ಆಗಿದ್ದವರಿಗೆ ಹೆಚ್ಚಿನ ಪ್ರಮಾಣ ಕೊಟ್ಟರೆ, ಮತ್ತೆ ಹಾಗಾಗುವುದನ್ನು ಶೇ 72ರಷ್ಟು ತಡೆಯಬಹುದು ಎಂದು 1991ರ ಬ್ರಿಟಿಷ್ ಅಧ್ಯಯನ ತೋರಿಸಿತು. ಆದರೆ ಮಾತ್ರೆ ನುಂಗಿದ ತಾಯಿಗೂ ಇಂಥ ಮಗು ಹುಟ್ಟಬಹುದು. ಮುಂದಿನ ಸಲಕ್ಕೆ ಇದು ಸಲಹೆ, ಈ ಸಲಕ್ಕೆ ಆರೋಪವಲ್ಲ.

ಕೆಜಿಎಫ್–ಬಂಗಾರಪೇಟೆಯಿಂದ ಎಲ್ಲಿಗೆ?

ಚಾಂಪಿಯನ್ ರೀಫ್ಸ್‌ನಲ್ಲಿದ್ದ ಗಣಿ ಕಂಪನಿಯ ಆಸ್ಪತ್ರೆಯನ್ನು ಹಳೆಯ ಕಾರ್ಮಿಕ ಕುಟುಂಬಗಳು ಈಗಲೂ ನೆನೆಯುತ್ತವೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಸಂಬಳದ ಜೊತೆ ಆ ಆಸರೆಯೂ ಹೋಯಿತು. ಈಗ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಗಂಡಸು, ಹೆಂಡತಿಯ ಚಿಕಿತ್ಸೆಗೂ ಅದೇ ಹಳಿಯ ಮೇಲೆ ಓಡಾಡಬೇಕು. ಒಂದು ದಿನ ಆಸ್ಪತ್ರೆ ಎಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಆದ್ದರಿಂದ ದಾರಿ ಮೊದಲೇ ಗೊತ್ತಿದ್ದರೆ ಸುತ್ತಾಟ ಕಡಿಮೆ.

ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ ಅಥವಾ ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆಯಿಂದ ಶುರುಮಾಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ಉಚಿತ ತಪಾಸಣೆ ಇರುತ್ತದೆ. ಅಲ್ಲಿಂದ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆ. ಮುಂದಕ್ಕೆ ಬೆಂಗಳೂರು: ಹೆರಿಗೆಗೆ ವಾಣಿವಿಲಾಸ, ಮಗುವಿನ ಚಿಕಿತ್ಸೆಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಹೃದಯಕ್ಕೆ ಜಯದೇವ, ಭ್ರೂಣ ಚಿಕಿತ್ಸೆಗೆ ಸೇಂಟ್ ಜಾನ್ಸ್‌ನಂಥ ಆಸ್ಪತ್ರೆಗಳು. ಕೆಜಿಎಫ್‌ನ ಅನೇಕ ತಮಿಳು ಕುಟುಂಬಗಳು ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರು ಸಿಎಂಸಿಗೆ ಹೋಗುವುದೂ ಉಂಟು. ರಾಜ್ಯ ದಾಟುವ ಮುನ್ನ ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ.

ಕೈಬಿಡಬಾರದ ಕಾಗದಗಳು: ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್‌ಗಳು, ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಯಾವ ಚಿಕಿತ್ಸೆ ಇದರಡಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಜನನಿ–ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆಗೂ, ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ, ರಕ್ತ, ಸಾಗಣೆ ಉಚಿತ.

ಇನ್ನೊಂದು ಮುಖ್ಯ ಮಾತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿ ರೂಢಿ. ಆದರೆ ಹುಟ್ಟಿದ ಕೂಡಲೇ ಶಸ್ತ್ರಚಿಕಿತ್ಸೆ ಅಥವಾ ಐಸಿಯು ಬೇಕಾದ ಮಗು, ಆ ಸೌಲಭ್ಯ ಇರುವ ಆಸ್ಪತ್ರೆಯ ಪಕ್ಕದಲ್ಲೇ ಹುಟ್ಟುವುದು ಒಳ್ಳೆಯದು. ಆಂಬುಲೆನ್ಸಿನಲ್ಲಿ ಎಳೆಗೂಸನ್ನು ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿ ಸಾಗಿಸುವುದೇ ಹೆಚ್ಚು ಕ್ಷೇಮ. ತವರಿನವರು ತಾವೇ ಮುಂದೆ ಬಂದು ‘ಬೆಂಗಳೂರಲ್ಲೇ ಆಗಲಿ, ನಾವೇ ಅಲ್ಲಿಗೆ ಬರ್ತೀವಿ’ ಎಂದರೆ ಮಗಳ ಅರ್ಧ ಭಾರ ಇಳಿಯುತ್ತದೆ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಗಾಬರಿಯಲ್ಲಿ ಏನು ಕೇಳಬೇಕೆಂದು ತೋಚುವುದಿಲ್ಲ. ಇದನ್ನು ಬರೆದುಕೊಂಡು ಹೋಗಿ:

• ಈ ತೊಂದರೆಯ ಹೆಸರೇನು? ಕಾಗದದ ಮೇಲೆ ಬರೆದುಕೊಡಿ.
• ಇದು ಖಚಿತವೋ, ಇನ್ನೊಂದು ಪರೀಕ್ಷೆ ಬೇಕೋ?
• ಗರ್ಭದಲ್ಲಿರುವಾಗ ಚಿಕಿತ್ಸೆ ಇದೆಯೇ? ಇದ್ದರೆ ಯಾವ ವಾರದೊಳಗೆ?
• ಚಿಕಿತ್ಸೆಯಿಂದ ತಾಯಿಗೆ ಏನು ಅಪಾಯ?
• ಹೆರಿಗೆ ಯಾವ ಆಸ್ಪತ್ರೆಯಲ್ಲಿ ಆಗಬೇಕು?
• ಚಿಕಿತ್ಸೆ ಮಾಡಿದರೂ ಮಗು ಮುಂದೆ ಹೇಗಿರಬಹುದು?

ಕೇಳಬಾರದ ಪ್ರಶ್ನೆ ಒಂದೇ: ಗಂಡೋ ಹೆಣ್ಣೋ? 1994ರ ಕಾಯ್ದೆ ಪ್ರಕಾರ ಅದು ಅಪರಾಧ. ಮಗುವಿನ ಚಿಕಿತ್ಸೆಯ ಮಾತು ಅದಿಲ್ಲದೆಯೇ ನಡೆಯುತ್ತದೆ.

ಸಮಯದ ಮಾತೂ ಇಲ್ಲೇ ಬರುತ್ತದೆ. ಅಂಗಾಂಗಗಳನ್ನು ವಿವರವಾಗಿ ನೋಡುವ ಸ್ಕ್ಯಾನಿಂಗ್ ಆಗಬೇಕಾದದ್ದು 18ರಿಂದ 20ನೇ ವಾರದಲ್ಲಿ. ‘ಏಳನೇ ತಿಂಗಳಲ್ಲಿ ಮಾಡಿಸೋಣ’ ಎಂದು ಮುಂದೂಡಿದರೆ ಕೆಲವು ಚಿಕಿತ್ಸೆಗಳ ಬಾಗಿಲು ಮುಚ್ಚಿರುತ್ತದೆ. ಬೆನ್ನುಹುರಿಯ ಆ ಶಸ್ತ್ರಚಿಕಿತ್ಸೆಯ ಅಧ್ಯಯನದಲ್ಲಿ 26 ವಾರ ತುಂಬುವುದರೊಳಗೇ ಚಿಕಿತ್ಸೆ ಮುಗಿದಿತ್ತು. ಮಗುವಿನ ಸ್ಥಿತಿ ಬಹಳ ಗಂಭೀರವಾಗಿದ್ದು, ಬಸಿರು ಮುಂದುವರಿಸಲು ಆಗದು ಎಂದು ತಾಯಿಗೆ ಅನ್ನಿಸಿದರೆ ಅದಕ್ಕೂ ಕಾನೂನಿನ ದಾರಿಯಿದೆ. 2021ರ ತಿದ್ದುಪಡಿಯಂತೆ, 24 ವಾರ ದಾಟಿದ ಮೇಲೂ ಮಗುವಿಗೆ ಗಂಭೀರ ನ್ಯೂನತೆ ಇದ್ದರೆ ವೈದ್ಯಕೀಯ ಮಂಡಳಿ ಅನುಮತಿಸಬಹುದು. ವಯಸ್ಕ ಹೆಣ್ಣಿಗೆ ಬೇಕಾದದ್ದು ಅವಳ ಒಪ್ಪಿಗೆ ಮಾತ್ರ. ಇರಿಸಿಕೊಳ್ಳುತ್ತೇನೆ ಎಂದರೂ ಬೇಡ ಎಂದರೂ ನಿರ್ಧಾರ ಅವಳದು. ಅತ್ತೆ, ಮಾವ, ಫ್ಯಾಮಿಲಿ ಗ್ರೂಪಿನ ಅಡ್ಮಿನ್ ಇವರು ಯಾರೂ ಅದರಲ್ಲಿ ಸಹಿ ಹಾಕಬೇಕಾದವರಲ್ಲ.

ನಾವು ನೆಂಟರು, ನೆರೆಯವರು ಏನು ಮಾಡಬಹುದು?

‘ಏನೂ ಆಗಲ್ಲ ಬಿಡು’ ಎಂದು ನಾವೆಲ್ಲ ಹೇಳುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಅದನ್ನು ಕೇಳಿದ ಮೇಲೆ ಆಕೆ ತನ್ನ ಭಯವನ್ನು ಮತ್ತೆ ಹೇಳಿಕೊಳ್ಳಲಾರಳು. ಅದರ ಬದಲು ಹೀಗೆ ಹೇಳಬಹುದು: ‘ಗುರುವಾರ ಆಸ್ಪತ್ರೆಗೆ ನಾನೂ ಬರ್ತೀನಮ್ಮ.’ ‘ದೊಡ್ಡವನನ್ನ ನಮ್ಮ ಮನೇಲಿ ಬಿಟ್ಟು ಹೋಗು, ಊಟ ಮಾಡಿಸ್ತೀನಿ.’ ವಿವರ ಕೇಳಿ ಕೇಳಿ ದಣಿಸುವುದಕ್ಕಿಂತ ಒಂದು ರೈಲು ಟಿಕೆಟ್, ಒಂದು ಬುತ್ತಿ, ಕಾಗದಗಳಿಗೊಂದು ಫೈಲು ಹೆಚ್ಚು ಕೆಲಸಕ್ಕೆ ಬರುತ್ತವೆ. ನಿಮ್ಮದು ಓ ನೆಗೆಟಿವ್ ಆದರೆ, ಗರ್ಭದೊಳಗಿನ ಮಗುವಿಗೆ ಕೊಡುವ ರಕ್ತ ಹೆಚ್ಚಾಗಿ ಅದೇ ಗುಂಪಿನದು ಎಂಬುದು ನೆನಪಿರಲಿ. ರಕ್ತನಿಧಿಯಲ್ಲಿ ಹೆಸರು ಬರೆಸಿಡಿ.

ಸೀಮಂತ ಮಾಡಬೇಕೋ ಬೇಡವೋ ಎಂಬ ಗುಸುಗುಸು ಇಂಥ ಮನೆಗಳಲ್ಲಿ ಏಳುತ್ತದೆ. ಆಕೆಯನ್ನೇ ಕೇಳಿ. ಕೆಲವರಿಗೆ ಬಳೆ ತೊಡುವುದೇ ಧೈರ್ಯ, ಕೆಲವರಿಗೆ ಜನರ ಮುಂದೆ ಕೂರುವುದೇ ಕಷ್ಟ. ಗಂಡನನ್ನೂ ಕೇಳಿ. ಸಾಲ, ಓಡಾಟ, ಕೆಲಸ ಎಲ್ಲ ಹೊತ್ತ ಅವನು ಅಳಲು ಜಾಗ ಸಿಗದೆ ಸುಮ್ಮನಿರುತ್ತಾನೆ. ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡ ಎನ್ನುವ ಮಾತು ಬಂದರೆ ಟೆಲಿ–ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡಬಹುದು. ನಿಮ್ಹಾನ್ಸ್‌ನಲ್ಲಿ ಬಸುರಿ–ಬಾಣಂತಿಯರಿಗಾಗಿಯೇ ಪ್ರತ್ಯೇಕ ಸೇವೆ ಇದೆ.

ಎಲ್ಲ ಪ್ರಯತ್ನದ ನಂತರವೂ ಮಗು ಉಳಿಯದೇ ಹೋಗಬಹುದು. ಆಗ ‘ಇನ್ನೊಂದು ಆಗುತ್ತೆ ಬಿಡಿ’ ಎನ್ನಬೇಡಿ. ಆ ತಾಯಿ–ತಂದೆಗೆ ಹೋದದ್ದು ಆ ಮಗು. ಮುಖ ನೋಡಬೇಕು, ಎತ್ತಿಕೊಳ್ಳಬೇಕು ಎಂದರೆ ತಡೆಯಬೇಡಿ.

ಕೊನೆಗೆ ಆ ಫೋಟೊಗೇ ಬರೋಣ. ಪುಟ್ಟ ಕೈಯ ಚಿತ್ರ ಕಳಿಸುವುದು ತಪ್ಪಲ್ಲ. ಆದರೆ ನಿಮ್ಮ ಪರಿಚಯದ ಯಾರಿಗೋ ಸ್ಕ್ಯಾನಿಂಗ್‌ನಲ್ಲಿ ತೊಂದರೆ ಎಂದು ಗೊತ್ತಾದ ದಿನ ಅದನ್ನು ಕಳಿಸಬೇಡಿ, ಗ್ರಹಣದ ಮೆಸೇಜನ್ನಂತೂ ಬೇಡವೇ ಬೇಡ. ಫೋನ್ ಮಾಡಿ, ‘ಆಸ್ಪತ್ರೆಗೆ ಯಾವತ್ತು ಹೋಗಬೇಕು?’ ಎಂದು ಕೇಳಿ. ಫಾರ್ವರ್ಡ್ ಮಾಡಲೇಬೇಕೆಂದರೆ ಆಂಟಿ–ಡಿ ಇಂಜೆಕ್ಷನ್, 18–20ನೇ ವಾರದ ಸ್ಕ್ಯಾನಿಂಗ್ ಬಗ್ಗೆ ಮೇಲಿರುವ ಮಾತುಗಳನ್ನು ಕಳಿಸಿ. ತಾಯಿ ಕಾರ್ಡಿನಲ್ಲಿ ‘ನೆಗೆಟಿವ್’ ಎಂದು ಬರೆದಿರುವ ಒಬ್ಬಳಾದರೂ ನಿಮ್ಮ ಗ್ರೂಪಿನಲ್ಲಿ ಇರಬಹುದು.